ಪದಚರ್ಚೆ: ಗೇಜ್ ತೋರಿಸುವ ಒತ್ತಡಕ್ಕೆ ಕನ್ನಡದಲ್ಲಿ ಏನಂತೀರಿ?

ಎಲ್ಲರಿಗೂ ನಮಸ್ಕಾರ.

ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಪಿಯುಸಿ ಸೈನ್ಸಿಗೆ ಸೇರಿದ ಮಕ್ಕಳಿಗಾಗಿ ಅನಿಲಗಳ ಲೆಕ್ಕ ಬಿಡಿಸುವ ಟಿಪ್ಪಣಿ ಬರೆಯುತ್ತಿದ್ದೇನೆ. ಬಾಯ್ಲ್, ಚಾರ್ಲ್ಸ್, ಅವೊಗಾಡ್ರೊ ನಿಯಮಗಳು, ಕೊನೆಗೆ ಒತ್ತಡ, ಗಾತ್ರ, ತಾಪ, ಅನಿಲದ ಪ್ರಮಾಣ ನಾಲ್ಕನ್ನೂ ಜೋಡಿಸುವ ಪಿವಿ = ಎನ್‌ಆರ್‌ಟಿ. ಅನಿಲ, ಅಣು, ವಿಲೋಮಾನುಪಾತ, ಸ್ಥಿರಾಂಕ ಇವೆಲ್ಲ ಅವರಿಗೆ ಗೊತ್ತಿರುವ ಪದಗಳೇ. ಗಾಡಿ ನಿಂತಿರುವುದು 'ಒತ್ತಡ' ಅನ್ನೋ ಪದದ ಹತ್ತಿರ.

ಈ ಲೆಕ್ಕ ನೋಡಿ. ಬೆಳಿಗ್ಗೆ ಟೈರಿನೊಳಗಿನ ಗಾಳಿ 27 ಡಿಗ್ರಿ ಸೆಲ್ಸಿಯಸ್ ಇದ್ದಾಗ ಕಾರಿಗೆ 32 ಪಿಎಸ್‌ಐ ಹಾಕಿಸಿದ್ದಾರೆ. (ಠಾಣೆಯ ಪಿಎಸ್‌ಐ ಅಲ್ಲ, ಒಂದು ಚದರ ಇಂಚಿಗೆ ಇಷ್ಟು ಪೌಂಡ್ ಅನ್ನೋ ಅಳತೆ.) ಮಧ್ಯಾಹ್ನ ಹೈವೇಯಲ್ಲಿ ಓಡಿ ಅದೇ ಗಾಳಿ 57 ಡಿಗ್ರಿಗೆ ಏರಿತು. ಟೈರ್ ಹಿಗ್ಗಿಲ್ಲ ಅಂತ ಇಟ್ಟುಕೊಳ್ಳಿ. ಈಗ ಗೇಜ್ ಎಷ್ಟು ತೋರಿಸಬೇಕು?

ಸೆಲ್ಸಿಯಸ್ಸನ್ನು ಕೆಲ್ವಿನ್‌ಗೆ ಬದಲಾಯಿಸಬೇಕು ಅನ್ನೋದು ಮಕ್ಕಳಿಗೆ ಬಾಯಿಪಾಠ. 300 ಇದ್ದದ್ದು 330 ಆಯಿತು, ಅಂದರೆ ಹತ್ತರಲ್ಲಿ ಒಂದು ಭಾಗ ಜಾಸ್ತಿ. ಟೈರ್ ಹಿಗ್ಗದಿದ್ದರೆ ಒತ್ತಡವೂ ಅಷ್ಟೇ ಪಟ್ಟು ಏರಬೇಕು. ಅಲ್ಲಿಂದ ಸೀದಾ 32ಕ್ಕೆ 3.2 ಕೂಡಿಸಿ 35.2 ಅಂತ ಬರೆಯುತ್ತಾರೆ. ಸರಿಯಾದ ಉತ್ತರ 36.7. ಯಾಕೆಂದರೆ ಗೇಜಿನ 32 ಪೂರ್ತಿ ಒತ್ತಡ ಅಲ್ಲ, ಹೊರಗಿನ ಗಾಳಿಗಿಂತ ಒಳಗೆ ಎಷ್ಟು ಜಾಸ್ತಿ ಇದೆ ಅನ್ನೋದು ಮಾತ್ರ. ಸಮುದ್ರ ಮಟ್ಟದಲ್ಲಿ ಹೊರಗಿನ ಗಾಳಿಯದ್ದೇ 14.7 ಇರುತ್ತದೆ. ಎರಡೂ ಸೇರಿ 46.7. ಅದಕ್ಕೆ ಹತ್ತರಲ್ಲೊಂದು ಭಾಗ ಕೂಡಿಸಿದರೆ 51.4ರ ಹತ್ತಿರ. ಅದರಲ್ಲಿ ಮತ್ತೆ 14.7 ಕಳೆದರೆ 36.7.

ಇಲ್ಲಿ ನನಗೆ ಮಕ್ಕಳ ಮೇಲೆ ಸಿಟ್ಟು ಬರುವುದಿಲ್ಲ. ತಾಪದಲ್ಲಿ ಎರಡು ಅಳತೆಗೆ ಎರಡು ಹೆಸರಿದೆ. ಸೆಲ್ಸಿಯಸ್ ಅಂತ ಕಂಡ ತಕ್ಷಣ ಕೈ ತಾನಾಗಿ 273 ಕೂಡಿಸುತ್ತದೆ. ಒತ್ತಡದ ಕಥೆಯೂ ಅದೇ: ಗೇಜಿನ ಸೊನ್ನೆ ನಿಜವಾದ ಸೊನ್ನೆಯಲ್ಲ. ಆದರೆ ಎರಡಕ್ಕೂ ಬರೀ 'ಒತ್ತಡ' ಅಂತ ಬರೆದರೆ ಎಚ್ಚರಿಸುವವರು ಯಾರು? ಪಂಕ್ಚರ್ ಆದ ಟೈರಿನಲ್ಲಿ ಗೇಜ್ ಸೊನ್ನೆ ತೋರಿಸಿದಾಗಲೂ ಒಳಗೆ 14.7 ಇದ್ದೇ ಇದೆ. ನಾವು ಮಾತ್ರ 'ಗಾಳಿ ಪೂರ್ತಿ ಹೋಗಿದೆ' ಅಂತೀವಿ.

ಅಂಗಡಿ ಮಾತು ಇನ್ನೊಂದು ತಮಾಷೆ. ನಮ್ಮ ಕಡೆ 'ಗಾಳಿ ಕಮ್ಮಿ ಇದೆ, 32 ಹೊಡೀರಿ' ಅಂತಾರೆ. ಉತ್ತರ ಕರ್ನಾಟಕದಲ್ಲಿ ಅದೇ ಹವಾ. ಎರಡೂ ಕಡೆ ಗಾಳಿ ಅಂದರೆ ಗಾಳಿಯೂ ಹೌದು, ಅದರ ಒತ್ತಡವೂ ಹೌದು. ಟೈರಿನ ಜಾಗ ಬದಲಾಗದೆ, ತಾಪವೂ ಅಷ್ಟೇ ಇದ್ದರೆ ಗಾಳಿ ಹೆಚ್ಚಿದ ಹಾಗೆ ಒತ್ತಡ ಹೆಚ್ಚುತ್ತದೆ. ಹಾಗಾಗಿ ಪಂಕ್ಚರ್ ಅಂಗಡಿಯಲ್ಲಿ ಈ ಮಾತಿನಿಂದ ನಷ್ಟವೇನಿಲ್ಲ. ಮೇಲಿನ ಲೆಕ್ಕದಲ್ಲಿ ಹಾಗಲ್ಲ. ಅಲ್ಲಿ ಒಂದು ಹನಿ ಗಾಳಿಯೂ ಸೇರದೆ ಒತ್ತಡ ಏರಿದೆ.

ಪಠ್ಯಗಳ ಮಾದರಿಯಲ್ಲಿ ಹೋದರೆ ಪೂರ್ತಿ ಒತ್ತಡಕ್ಕೆ 'ನಿರಪೇಕ್ಷ ಒತ್ತಡ' ಆಗುತ್ತದೆ. 'ನಿರಪೇಕ್ಷ ಶೂನ್ಯ ತಾಪ' ಓದಿದವರಿಗೆ ಅದು ಹೊಸದಲ್ಲ. ಆದರೂ ಹದಿನಾರು ವರ್ಷದ ಮಕ್ಕಳಿಗೆ ಬಾಯಲ್ಲಿ ಹೊರಳುವ ಪದವಲ್ಲ. 'ಒಟ್ಟು ಒತ್ತಡ' ಅನ್ನೋಣ ಅಂದರೆ ಅದನ್ನು ಡಾಲ್ಟನ್ ನಿಯಮ ಆಗಲೇ ಹಿಡಿದುಕೊಂಡಿದೆ. ಬೇರೆ ಬೇರೆ ಅನಿಲಗಳ ಆಂಶಿಕ ಒತ್ತಡ ಕೂಡಿಸಿದರೆ ಬರುವುದೇ ಒಟ್ಟು ಒತ್ತಡ. ಎರಡನ್ನೂ ಒಂದೇ ಅಧ್ಯಾಯದಲ್ಲಿ ತಂದರೆ ಮತ್ತೆ ಗೊಂದಲ. ಸದ್ಯಕ್ಕೆ 'ಪೂರ್ಣ ಒತ್ತಡ' ಅಂತ ಬರೆದಿಟ್ಟಿದ್ದೇನೆ.

ಕಷ್ಟ ಇರುವುದು ಇನ್ನೊಂದಕ್ಕೆ, ಅಂದರೆ ಗೇಜ್ ತೋರಿಸುವ ಒತ್ತಡಕ್ಕೆ. 'ಮಾಪಕ ಒತ್ತಡ' ಅನ್ನಬಹುದು, ಆದರೆ ನನಗೆ ಒಪ್ಪಿಗೆಯಿಲ್ಲ. ವಾಯುಭಾರ ಮಾಪಕವೂ (ಬ್ಯಾರೋಮೀಟರ್) ಮಾಪಕವೇ ಅಲ್ವಾ? ಅದು ತೋರಿಸುವುದು ಪೂರ್ಣ ಒತ್ತಡವನ್ನು. 'ಗೇಜ್ ಒತ್ತಡ' ಅಂತಲೇ ಬಿಡೋಣ ಅಂದರೆ ಗೊತ್ತಿದ್ದವರಿಗೆ ಸರಿ, ಗೊತ್ತಿಲ್ಲದವರಿಗೆ ಆ ಹೆಸರಿನಿಂದ ಏನೂ ತಿಳಿಯುವುದಿಲ್ಲ.

ನನ್ನ ಮನಸ್ಸಿನಲ್ಲಿರೋದು 'ಮೇಲೊತ್ತಡ'. ಹೊರಗಿನ ಒತ್ತಡದ ಮೇಲೆ ಇರುವ ಹೆಚ್ಚಿನದು ಅನ್ನೋ ಅರ್ಥದಲ್ಲಿ. ರಕ್ತದೊತ್ತಡ ಅನ್ನೋ ಪದ ಎಲ್ಲರ ಬಾಯಲ್ಲೂ ಇದೆ, ಇದೂ ಹಾಗೇ ಕಿವಿಗೆ ಒಗ್ಗಬಹುದು. ಅಂದ ಹಾಗೆ ರಕ್ತದೊತ್ತಡವೂ ಮೇಲೊತ್ತಡವೇ. ಡಾಕ್ಟರ್ 120 ಅಂದರೆ ಹೊರಗಿನ 760 ಮಿಲಿಮೀಟರ್ ಪಾದರಸದ (ಅದೇ 14.7 ಪಿಎಸ್‌ಐ, ಅಳತೆ ಬೇರೆ) ಮೇಲೆ 120. ಪೂರ್ಣ ಒತ್ತಡದಲ್ಲಿ ಹೇಳುವುದಾದರೆ ಸಮುದ್ರ ಮಟ್ಟದಲ್ಲಿ ನಮ್ಮೆಲ್ಲರ ಬಿಪಿ 880! ಕುಕ್ಕರ್ ಕೂಡ ಹಾಗೇ. ವಿಷಲ್ ಹೊಡೆಯುವಾಗ ಒಳಗಿನ ಮೇಲೊತ್ತಡ ಸುಮಾರು ಒಂದು ವಾಯುಮಂಡಲದಷ್ಟು, ಅಂದರೆ ಸಮುದ್ರ ಮಟ್ಟದ ಹೊರಗಿನ ಗಾಳಿಯ ಒತ್ತಡದಷ್ಟು. ಅದೇ ಪೂರ್ಣ ಒತ್ತಡ ಅಂದುಕೊಂಡರೆ ನೀರು 100 ಡಿಗ್ರಿಗೇ ಕುದಿಯಬೇಕು, ಮತ್ತೆ ಕುಕ್ಕರ್ ಯಾಕೆ ಬೇಕಿತ್ತು? ಪೂರ್ಣ ಒತ್ತಡ ಎರಡರಷ್ಟಿರುವುದರಿಂದ ಒಳಗೆ 120 ಡಿಗ್ರಿ ಹತ್ತಿರ ಆಗುತ್ತದೆ, ಬೇಳೆ ಬೇಗ ಬೇಯುತ್ತದೆ.

ಹೆಸರಿನಲ್ಲಿ 'ಮೇಲೆ' ಇರಬೇಕು ಅಂತ ಹಟ ಹಿಡಿಯುವುದಕ್ಕೆ ಇನ್ನೊಂದು ಕಾರಣ ಇದೆ. ಈ ಅಳತೆ ಊರಿಂದೂರಿಗೆ ಬದಲಾಗುತ್ತದೆ. ಮಂಗಳೂರು ಸಮುದ್ರದ ಪಕ್ಕ, ಅಲ್ಲಿ ಹೊರಗಿನ ಗಾಳಿಯದ್ದು 14.7. ಬೆಂಗಳೂರು ಸುಮಾರು 900 ಮೀಟರ್ ಎತ್ತರ, ಇಲ್ಲಿ 13.2 ಅಷ್ಟೇ. ಮಂಗಳೂರಲ್ಲಿ 32 ಹಾಕಿಸಿ ಬೆಂಗಳೂರಿಗೆ ಬಂದು, ಟೈರ್ ಮೊದಲಿನಷ್ಟೇ ತಣ್ಣಗಾದ ಮೇಲೆ ಅಳೆದರೆ 33.5 ತೋರಿಸುತ್ತದೆ. ಒಳಗಿನ ಪೂರ್ಣ ಒತ್ತಡ ಅದೇ 46.7. ಬದಲಾಗಿರುವುದು ಹೊರಗಿನದು.

'ಮೇಲೊತ್ತಡ'ಕ್ಕೆ ಒಂದು ಕುತ್ತೂ ಇದೆ. ಓದುವವರು 'ಮೇಲಿನಿಂದ ಬೀಳುವ ಒತ್ತಡ' ಅಂತ ತಿಳಿಯಬಹುದು. ಆಫೀಸಿನಲ್ಲಿ ಕೆಲಸ ಮಾಡುವವರಂತೂ ಖಂಡಿತ ಹಾಗೇ ತಿಳಿಯುತ್ತಾರೆ. 'ಹೆಚ್ಚೊತ್ತಡ' ಅಂದರೆ ಹೈ ಬಿಪಿ ಅಂದುಕೊಳ್ಳುತ್ತಾರೆ. ಟೈರಿನಲ್ಲಿ 20 ಮಾತ್ರ ಇದ್ದಾಗ ಅದನ್ನು ಹೆಚ್ಚೊತ್ತಡ ಅನ್ನೋದೂ ವಿಚಿತ್ರ. ಪೇಪರಿನವರ 'ವಾಯುಭಾರ ಕುಸಿತ'ದ ಹಾದಿಯಲ್ಲಿ 'ಮೇಲ್ಭಾರ' ಮಾಡಬಹುದೇ ಅಂತಲೂ ಯೋಚಿಸಿದೆ. ಬೇಡ, ಲಾರಿ ಲೋಡಿನ ಹಾಗೆ ಕೇಳಿಸುತ್ತದೆ.

ಜೊತೆಗೆ ಒಂದು ಚಿಕ್ಕ ಪ್ರಶ್ನೆ. ಗಣಿತದಲ್ಲಿ ಸಿಲಿಂಡರಿನ 'ಘನಫಲ' ಕಂಡುಹಿಡಿದ ಮಕ್ಕಳೇ ವಿಜ್ಞಾನದಲ್ಲಿ ಅನಿಲದ 'ಗಾತ್ರ' ಅಂತ ಓದುತ್ತಾರೆ. ಪಿವಿ = ಎನ್‌ಆರ್‌ಟಿಯನ್ನು ನಿಜವಾದ ಅನಿಲಗಳಿಗೆ ಹೊಂದುವಂತೆ ತಿದ್ದಿದ ವ್ಯಾನ್ ಡರ್ ವಾಲ್ಸ್ ಸಮೀಕರಣಕ್ಕೆ ಬಂದಾಗ 'ಅಣುಗಳ ಗಾತ್ರ'ವನ್ನು 'ಅನಿಲದ ಗಾತ್ರ'ದಿಂದ ಕಳೆಯಿರಿ ಅಂತ ಬರೆಯಬೇಕಾಗುತ್ತದೆ. ಅಣುವಿನ ಸೈಜು ಯಾವುದು, ಅನಿಲ ತುಂಬಿಕೊಂಡ ಜಾಗ ಯಾವುದು ಅಂತ ತಿಳಿಯಲ್ಲ. ಎರಡನೆಯದಕ್ಕೆ ಎಲ್ಲ ಕಡೆ ಘನಫಲ ಅಂತಲೇ ಬರೆದರೆ ಯಾರಿಗಾದರೂ ತಕರಾರಿದೆಯೇ?

ಬಾಯ್ಲರ್, ಕಂಪ್ರೆಸರ್, ಗ್ಯಾಸ್ ವೆಲ್ಡಿಂಗ್ ಕೆಲಸ ಹತ್ತಿರದಿಂದ ನೋಡಿದವರು ಇಲ್ಲಿದ್ದರೆ, ಗೇಜಿನ ಅಂಕಿಗೆ ಅಲ್ಲಿ ಕೆಲಸಗಾರರು ಏನಂತಾರೆ ಬರೆಯಿರಿ. ಬರೀ 'ಪ್ರೆಶರ್' ಅಂತಾರಾ, ಬೇರೆ ಮಾತಿದೆಯಾ? ಅಲ್ಲಿ ಒಳ್ಳೆಯ ಪದ ಸಿಕ್ಕರೆ ನನ್ನ ಮೇಲೊತ್ತಡವನ್ನು ಸುಮ್ನೆ ವಾಪಸ್ ತಗೋತೀನಿ.