ಸೆಕ್ಸ್ ಥೆರಪಿಗೆ ಹೋದರೆ ಮೊದಲ ದಿನ ಏನು ಮಾಡ್ತಾರೆ?

ಪ್ರಶ್ನೆ (ಹೆಸರು ಬೇಡ, ಕಲಬುರಗಿ): ಮೇಡಮ್, ಮದುವೆಯಾಗಿ ಎರಡು ವರ್ಷ. ಕೂಡಲು ಹೋದಾಗೆಲ್ಲ ನನಗೆ ಉರಿ, ನೋವು. ಮೈ ಬಿಗಿದುಕೊಳ್ಳುತ್ತದೆ. ಇದುವರೆಗೆ ಪೂರ್ತಿ ಆಗಿಯೇ ಇಲ್ಲ. ನಮ್ಮ ಮನೆಯವರು ಒಳ್ಳೆಯವರು, ಜಬರ್ದಸ್ತಿ ಮಾಡುವುದಿಲ್ಲ. ಅತ್ತೆ ಮಾತ್ರ ‘ಇನ್ನೂ ಏನೂ ವಿಶೇಷ ಇಲ್ಲೇನವ್ವಾ’ ಅಂತ ಕೇಳುತ್ತಿರುತ್ತಾರೆ. ಹೆಂಗಸರ ಡಾಕ್ಟರು ನೋಡಿ, ಒಳಗೆ ಏನೂ ತೊಂದರೆ ಇಲ್ಲ, ಸೆಕ್ಸ್ ಥೆರಪಿ ತಗೊಳ್ಳಿ ಅಂದರು. ಅಲ್ಲಿ ಬಟ್ಟೆ ಬಿಚ್ಚಬೇಕಾ? ಅವರ ಎದುರಿಗೆ ಏನಾದರೂ ಮಾಡಬೇಕಾ? ಊರಲ್ಲಿ ಗೊತ್ತಾದರೆ?

ಉತ್ತರ (ಕ್ಲಿನಿಕಲ್ ಸೈಕಾಲಜಿಸ್ಟ್): ಇಲ್ಲ ತಂಗಿ. ಬಟ್ಟೆ ಬಿಚ್ಚುವುದಿಲ್ಲ. ಥೆರಪಿಸ್ಟ್ ನಿಮ್ಮನ್ನು ಮುಟ್ಟುವುದಿಲ್ಲ, ಅವರೆದುರು ಏನೂ ಮಾಡಿ ತೋರಿಸುವುದಿಲ್ಲ. ಯಾರಾದರೂ ಹಾಗೆ ಕೇಳಿದರೆ ಅದು ಥೆರಪಿಯೇ ಅಲ್ಲ, ಎದ್ದು ಬನ್ನಿ. ಅಲ್ಲಿ ಆಗುವುದು ಬರೀ ಮಾತು.

ಮೊದಲ ಸಲ ಸುಮಾರು ಒಂದು ಗಂಟೆ ಕೂರಿಸುತ್ತಾರೆ. ನೋವು ಯಾವಾಗಿನಿಂದ, ಯಾವ ಮಾತ್ರೆ ತಗೊಳ್ತೀರಿ, ಚಿಕ್ಕಂದಿನಲ್ಲಿ ಈ ವಿಷಯದ ಬಗ್ಗೆ ಏನು ಹೇಳಿ ಹೆದರಿಸಿದ್ದರು, ಯಾರಾದರೂ ಕೆಟ್ಟದಾಗಿ ನಡೆದುಕೊಂಡಿದ್ದರಾ ಅಂತೆಲ್ಲ ಕೇಳುತ್ತಾರೆ. ಹೇಳಲಾಗದ್ದನ್ನು ‘ಇವತ್ತು ಬೇಡ’ ಅನ್ನಬಹುದು. ನಿಮಗೇ ಅಂತ ಕೋಣೆ ಇದೆಯಾ ಅಂತಲೂ ನಾನು ಕೇಳುತ್ತೇನೆ. ಜನ ನಗುತ್ತಾರೆ. ಆದರೆ ತುಂಬಿದ ಮನೆ, ಚಿಲಕ ಸರಿಯಿಲ್ಲದ ಬಾಗಿಲು, ಬೇಸಿಗೆ ಬಂದರೆ ಎಲ್ಲರೂ ಮಾಳಿಗೆ ಮೇಲೆ ಸಾಲಾಗಿ ಮಲಗುವುದು. ಇದರಲ್ಲಿ ಮೈ ಸಡಿಲವಾಗುವುದಾದರೂ ಹೇಗೆ?

ಆಮೇಲೆ ಇಬ್ಬರನ್ನೂ ಬೇರೆ ಬೇರೆಯಾಗಿ ಮಾತಾಡಿಸಿ, ಕೊನೆಗೆ ಜೊತೆಗೆ ಕೂರಿಸುತ್ತಾರೆ.

ನೀವು ಬರೆದಿದ್ದು ವೆಜೈನಿಸ್ಮಸ್ ಇರಬಹುದು. ಇಲ್ಲಿಂದಲೇ ಖಚಿತವಾಗಿ ಹೇಳಲಾಗದು. ಇದರಲ್ಲಿ ಯೋನಿಯ ಸುತ್ತಲಿನ ಸ್ನಾಯುಗಳು ತಾವಾಗಿಯೇ ಬಿಗಿಯುತ್ತವೆ. ಧೂಳು ಬಂದರೆ ಕಣ್ಣು ತಾನೇ ಮುಚ್ಚಿಕೊಳ್ಳುತ್ತದಲ್ಲ, ಹಾಗೆ. ಬೇಕಂತ ಮಾಡುವುದಲ್ಲ. ಗಂಡನ ಮೇಲೆ ಪ್ರೀತಿ ಇಲ್ಲ ಅಂತಲೂ ಅಲ್ಲ.

ಥೆರಪಿಸ್ಟ್ ಹೇಳುವ ಮೊದಲ ಮಾತು ವಿಚಿತ್ರ ಅನಿಸಬಹುದು: ‘ಸದ್ಯಕ್ಕೆ ಕೂಡಬೇಡಿ.’ 1970ರಲ್ಲಿ ಅಮೆರಿಕದ ಮಾಸ್ಟರ್ಸ್ ಮತ್ತು ಜಾನ್ಸನ್ ಹೇಳಿಕೊಟ್ಟ ಪದ್ಧತಿ ಇದು, ಈಗಲೂ ನಡೆಯುತ್ತದೆ. ಇವತ್ತು ಆಗಲೇಬೇಕು ಅನ್ನುವ ಒತ್ತಡ ಹೋದ ಮೇಲೆ ಒಬ್ಬರನ್ನೊಬ್ಬರು ಸುಮ್ನೆ ಮುಟ್ಟುವುದು. ಮೊದಲು ಬೆನ್ನು, ಕೈ, ಕಾಲು. ಎದೆ, ಕೆಳಗಿನ ಭಾಗ ಆಮೇಲೆ. ಇದೆಲ್ಲ ಮನೆಯಲ್ಲಿ, ನಿಮ್ಮಿಬ್ಬರ ನಡುವೆ. ಜೊತೆಗೆ ಉಸಿರಾಟ, ಸ್ನಾಯು ಸಡಿಲಿಸುವ ಅಭ್ಯಾಸ. ಮುಂದೆ ನಿಮ್ಮದೇ ಬೆರಳು, ಅಥವಾ ಡೈಲೇಟರ್ ಅನ್ನುವ ಸಣ್ಣ ಸಾಧನ. ತೀರಾ ತೆಳ್ಳಗಿನದರಿಂದ ಶುರು. ನೋವಾದರೆ ನಿಲ್ಲಿಸುವುದು. ಮುಂದಿನ ಸಲ ಹೋದಾಗ ಏನಾಯಿತು, ಏನಾಗಲಿಲ್ಲ ಹೇಳುವುದು. ಕೆಲವು ತಿಂಗಳು ಹಿಡಿಯಬಹುದು. ಅತ್ತೆಯವರ ಅವಸರ ಈ ಲೆಕ್ಕಕ್ಕೆ ಬರುವುದಿಲ್ಲ.

ಊರಿಗೆ ಗೊತ್ತಾಗುವ ಮಾತು: ಮಾನಸಿಕ ಆರೋಗ್ಯ ಕಾಯ್ದೆ 2017ರ ಪ್ರಕಾರ ನಿಮ್ಮ ಗುಟ್ಟು ಕಾಪಾಡುವುದು ನಮ್ಮ ಕರ್ತವ್ಯ. ಯಾರದಾದರೂ ಜೀವಕ್ಕೆ ಅಪಾಯ ಇದ್ದಂಥ ಕೆಲವು ಸಂದರ್ಭ ಮಾತ್ರ ಬೇರೆ. ಅತ್ತೆ ಬಂದು ಕೇಳಿದರೂ ಹೇಳುವಂತಿಲ್ಲ.

ಬಸ್ ಸ್ಟ್ಯಾಂಡ್ ಗೋಡೆಯ ಮೇಲಿನ ‘ಗುಪ್ತರೋಗ, ಗ್ಯಾರಂಟಿ ಇಲಾಜು’ ನಂಬಬೇಡಿ. ಮನೋವೈದ್ಯರು, ಅಥವಾ ಆರ್‌ಸಿಐ (ಭಾರತೀಯ ಪುನರ್ವಸತಿ ಪರಿಷತ್ತು) ನೋಂದಣಿ ಇರುವ ಕ್ಲಿನಿಕಲ್ ಸೈಕಾಲಜಿಸ್ಟ್ ಹತ್ತಿರ ಹೋಗಿ. ಈ ವಿಷಯದಲ್ಲಿ ತರಬೇತಿ ಆಗಿದೆಯಾ ಅಂತ ನೇರವಾಗಿ ಕೇಳಿ, ಯಾರೂ ಬೇಜಾರಾಗುವುದಿಲ್ಲ. ಎಲ್ಲಿಂದ ಶುರು ಮಾಡಬೇಕು ತಿಳಿಯದಿದ್ದರೆ ಕಲಬುರಗಿಯ ಜಿಮ್ಸ್, ಬೀದರಿನ ಬ್ರಿಮ್ಸ್ ಆಸ್ಪತ್ರೆಗಳ ಮನೋವೈದ್ಯ ವಿಭಾಗದಲ್ಲಿ ವಿಚಾರಿಸಬಹುದು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿದರೆ ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಪ್ರಶ್ನೆ (ಬೀದರ್ ಕಡೆಯವರು): ಮೇಡಮ್ರೀ, ನನಗೆ 48. ಶುಗರ್ ಇದೆ. ಒಂದು ವರ್ಷದಿಂದ ಗಡಸು ಬರುತ್ತಿಲ್ಲ. ಮೆಡಿಕಲ್‌ನಲ್ಲಿ ಮಾತ್ರೆ ಕೊಡ್ತಾರೆ. ಅದು ಸಾಕಲ್ವಾ, ಥೆರಪಿ ಯಾಕೆ?

ಉತ್ತರ: ಅಣ್ಣಾ, ಆ ಮಾತ್ರೆ ನೀವಾಗಿಯೇ ತಗೊಳ್ಳಬೇಡಿ. ಎದೆನೋವಿಗೆ ನೈಟ್ರೇಟ್ ಮಾತ್ರೆ ತಗೊಳ್ಳುವವರಿಗೆ ಅದರಿಂದ ಬಿಪಿ ಅಪಾಯ ಆಗುವಷ್ಟು ಇಳಿಯುತ್ತದೆ. ಶುಗರ್ ಜಾಸ್ತಿ ಇದ್ದರೆ ನರ, ರಕ್ತನಾಳ ಎರಡೂ ಕೆಡುತ್ತವೆ. ಗಡಸು ಕಡಿಮೆಯಾಗುವುದು ಹೃದಯದ ತೊಂದರೆಯ ಮುನ್ಸೂಚನೆಯೂ ಆಗಿರಬಹುದು. ಅದಕ್ಕೇ ಮೊದಲು ಡಾಕ್ಟರ ಹತ್ತಿರ ಶುಗರ್, ಬಿಪಿ, ಹೃದಯ ನೋಡಿಸಿ. ‘ಈ ಸಲವೂ ಆಗದಿದ್ದರೆ?’ ಅನ್ನುವ ಭಯ ಸೇರಿಕೊಂಡಿದ್ದರೆ ಥೆರಪಿ ಅದಕ್ಕೆ. ಎರಡೂ ಒಟ್ಟಿಗೆ ನಡೆಯಬಹುದು.

ಮೊದಲು ಕೇಳಿದವರು: ಥ್ಯಾಂಕ್ಸ್ ಮೇಡಮ್. ಇವರಿಗೆ ಇನ್ನೂ ಸಂಕೋಚ. ಮೊದಲು ನಾನೊಬ್ಬಳೇ ಹೋದರೆ ನಡೆಯುತ್ತಾ?

ಉತ್ತರ: ನಡೆಯುತ್ತೆ ತಂಗಿ, ಎಷ್ಟೋ ಜನ ಹಾಗೇ ಶುರು ಮಾಡುತ್ತಾರೆ. ಅವರು ಆಮೇಲೆ ಸೇರಿಕೊಳ್ಳಲಿ. ಡಾಕ್ಟರು ಬರೆದುಕೊಟ್ಟ ಚೀಟಿ ತಗೊಂಡು ಹೋಗಿ. ಮುಟ್ಟು ಬಂದಿದ್ದರೂ ಮುಂದೂಡಬೇಡಿ, ಅಲ್ಲಿ ಮೈ ಪರೀಕ್ಷೆ ಇರುವುದಿಲ್ಲ.