ತಂಬಾಕಿನ ತೆರಿಗೆಯನ್ನು ಮತದಾರರೇ ಏರಿಸಬಹುದೇ? ಕ್ಯಾಲಿಫೋರ್ನಿಯಾದ ಅನುಭವ

ಪ್ರಶ್ನೆ:
ನಮ್ಮ ದೇಶದಲ್ಲಿ ತಂಬಾಕಿನ ತೆರಿಗೆ ಎಷ್ಟಿರಬೇಕೆಂದು ಸರ್ಕಾರ ಮತ್ತು ಜಿಎಸ್‌ಟಿ ಮಂಡಳಿ ನಿರ್ಧರಿಸುತ್ತವೆ. ಮತದಾರರನ್ನು ನೇರವಾಗಿ ಕೇಳುವ ಪದ್ಧತಿಯಿಲ್ಲ. ಆದರೆ 2016ರ ನವೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾದ ಜನ ತಾವೇ ಮತ ಹಾಕಿ, ಒಂದು ಪ್ಯಾಕ್ ಸಿಗರೇಟಿನ ಮೇಲಿನ ರಾಜ್ಯ ತೆರಿಗೆಯನ್ನು 87 ಸೆಂಟ್‌ನಿಂದ 2 ಡಾಲರ್ 87 ಸೆಂಟ್‌ಗೆ ಏರಿಸಿದರು. ಶಾಸಕರು ಮಾಡಬೇಕಾದ ಕೆಲಸ ಮತಗಟ್ಟೆಗೆ ಬಂದದ್ದೇಕೆ? ಬಲ್ಲವರು ದಯವಿಟ್ಟು ತಿಳಿಸಿಕೊಡಿ.

ಉತ್ತರ 1:
ಇದರ ಮೂಲ 1978ರಲ್ಲಿದೆ. ಜನಮತಕ್ಕೆ ಹಾಕುವ ಪ್ರಸ್ತಾವವನ್ನು ಅಲ್ಲಿ ಪ್ರಪೊಸಿಷನ್ ಎನ್ನುತ್ತಾರೆ. ಆ ವರ್ಷ ಮತದಾರರು ಅಂಗೀಕರಿಸಿದ ಪ್ರಪೊಸಿಷನ್ 13ರ ಪ್ರಕಾರ, ರಾಜ್ಯದ ಯಾವುದೇ ತೆರಿಗೆಯನ್ನು ಏರಿಸಲು ಶಾಸನಸಭೆಯ ಎರಡೂ ಸದನಗಳಲ್ಲಿ ಮೂರನೇ ಎರಡರಷ್ಟು ಬಹುಮತ ಬೇಕು. ತಂಬಾಕು ಕಂಪನಿಗಳು ಕೆಲವೇ ಶಾಸಕರನ್ನು ತಮ್ಮ ಕಡೆಗೆ ಒಲಿಸಿಕೊಂಡರೂ ಮಸೂದೆ ಬಿದ್ದುಹೋಗುತ್ತದೆ. ಸಾರ್ವಜನಿಕರು ಸಹಿ ಸಂಗ್ರಹಿಸಿ ಮತಕ್ಕೆ ತಂದ ಪ್ರಸ್ತಾವಕ್ಕಾದರೋ ಸರಳ ಬಹುಮತ ಸಾಕಾಗಿತ್ತು. ಹಾಗಾಗಿಯೇ ಆರೋಗ್ಯ ಸಂಘಟನೆಗಳು 1988ರಲ್ಲಿ ಪ್ರಪೊಸಿಷನ್ 99ರ ಮೂಲಕ 25 ಸೆಂಟ್ ಏರಿಸಿಕೊಂಡವು. 1998ರಲ್ಲಿ ಐದು ವರ್ಷದೊಳಗಿನ ಮಕ್ಕಳ ಕಾರ್ಯಕ್ರಮಗಳಿಗಾಗಿ ಇನ್ನೂ 50 ಸೆಂಟ್ ಸೇರಿತು.

ಉತ್ತರ 2:
ಮೇಲಿನ ವಿವರಣೆ ಸರಿಯಾಗಿದೆ, ಆದರೆ ಸೋಲುಗಳನ್ನೂ ನೋಡಬೇಕು. 2006ರಲ್ಲಿ 2 ಡಾಲರ್ 60 ಸೆಂಟ್ ಏರಿಸುವ ಪ್ರಸ್ತಾವ ಬಿದ್ದುಹೋಯಿತು. 2012ರ ಜೂನ್‌ನಲ್ಲಿ ಕ್ಯಾನ್ಸರ್ ಸಂಶೋಧನೆಗಾಗಿ ಒಂದು ಡಾಲರ್ ಕೇಳಿದ ಪ್ರಪೊಸಿಷನ್ 29 ಶೇಕಡಾ ಒಂದಕ್ಕಿಂತಲೂ ಕಡಿಮೆ ಅಂತರದಲ್ಲಿ ಸೋತಿತು. ಅದನ್ನು ಸೋಲಿಸಲು ತಂಬಾಕು ಕಂಪನಿಗಳು ನಾಲ್ಕು ಕೋಟಿ ಡಾಲರ್‌ಗೂ ಹೆಚ್ಚು ಸುರಿದಿದ್ದವು. ಗಮನಿಸಬೇಕಾದ ಸಂಗತಿಯೆಂದರೆ, ಅವರ ಜಾಹೀರಾತುಗಳಲ್ಲಿ ಸಿಗರೇಟಿನ ಸಮರ್ಥನೆಯೇ ಇರಲಿಲ್ಲ. ವೈದ್ಯೆಯೊಬ್ಬರು ಬಿಳಿ ಕೋಟು ತೊಟ್ಟು ಕ್ಯಾಮೆರಾದ ಮುಂದೆ ನಿಂತು, ಈ ಹಣ ರಾಜ್ಯದಿಂದ ಹೊರಗೆ ಹೋಗಬಹುದು ಎಂದು ಎಚ್ಚರಿಸುತ್ತಿದ್ದರು. ಧೂಮಪಾನ ಕೆಟ್ಟದ್ದೆಂದು ಒಪ್ಪುವ ಮತದಾರನಲ್ಲೂ ಹಣದ ಬಗ್ಗೆ ಅನುಮಾನ ಬಿತ್ತಿದರೆ ಸಾಕು, ಅವನು ಬೇಡವೆನ್ನುತ್ತಾನೆ. 2016ರಲ್ಲಿ ಇದಕ್ಕಿಂತ ಹೆಚ್ಚು ಖರ್ಚು ಮಾಡಿ, ಶಾಲೆಗಳಿಗೆ ಅನ್ಯಾಯವಾಗುತ್ತದೆ ಎಂದು ಪ್ರಚಾರ ಮಾಡಿದರೂ, ನೀವು ಹೇಳಿದ ಏರಿಕೆಯ ಪ್ರಸ್ತಾವವಾದ ಪ್ರಪೊಸಿಷನ್ 56 ಸುಮಾರು ಶೇಕಡಾ 64 ಮತಗಳಿಂದ ಗೆದ್ದಿತು. ಹಣದ ಬಹುಪಾಲು ಬಡವರ ವೈದ್ಯಕೀಯ ವಿಮೆಯಾದ ಮೆಡಿ-ಕ್ಯಾಲ್‌ಗೆ ಎಂದು ಸ್ಪಷ್ಟವಾಗಿ ಬರೆದದ್ದು, ಜೊತೆಗೆ ಅಧ್ಯಕ್ಷೀಯ ಚುನಾವಣೆಯ ದಿನ ಹೆಚ್ಚು ಜನ ಮತಗಟ್ಟೆಗೆ ಬಂದದ್ದು ಗೆಲುವಿಗೆ ನೆರವಾಯಿತೆಂದು ನನ್ನ ಭಾವನೆ.

ಉತ್ತರ 3:
ಜನಮತ ಎಲ್ಲೆಡೆಯೂ ಹೀಗೇ ಒಲಿಯುವುದಿಲ್ಲ. ಅಮೆರಿಕದ ಇನ್ನೊಂದು ರಾಜ್ಯವಾದ ಮಿಸೌರಿಯಲ್ಲಿ ಪ್ಯಾಕ್‌ಗೆ ಕೇವಲ 17 ಸೆಂಟ್ ರಾಜ್ಯ ತೆರಿಗೆಯಿದ್ದು, 2002, 2006, 2012, 2016ರಲ್ಲಿ ಮತದಾರರೇ ಏರಿಕೆಯನ್ನು ತಿರಸ್ಕರಿಸಿದ್ದಾರೆ. ಈ ತೆರಿಗೆಯ ಭಾರ ಬಡ ಧೂಮಪಾನಿಗಳ ಮೇಲೆ ಹೆಚ್ಚು ಬೀಳುತ್ತದೆ ಎಂಬ ಆಕ್ಷೇಪವನ್ನು ನಾನು ತಳ್ಳಿಹಾಕಲಾರೆ. ಆದರೂ ಬೆಲೆ ಏರಿದಾಗ ಚಟ ಬಿಡುವವರಲ್ಲಿ ಬಡವರು ಮತ್ತು ಎಳೆಯರೇ ಹೆಚ್ಚು, ಆದ್ದರಿಂದ ಆರೋಗ್ಯದ ಲಾಭವೂ ಅವರಿಗೇ ಹೆಚ್ಚು ಸಿಗುತ್ತದೆ. ಸೇದುವವರು ಕಡಿಮೆಯಾದಂತೆ ತೆರಿಗೆಯ ಆದಾಯವೂ ಇಳಿಯುತ್ತದೆ. ಅದನ್ನೇ ನಂಬಿದ ಮಕ್ಕಳ ಕಾರ್ಯಕ್ರಮಗಳು ಸೊರಗುತ್ತವೆ. ಪ್ರಪೊಸಿಷನ್ 56ನ್ನು ಬರೆದವರು ಇದನ್ನು ಮುಂಚೆಯೇ ಯೋಚಿಸಿದ್ದರು: ಹೊಸ ತೆರಿಗೆಯಿಂದಾಗಿ 1988 ಮತ್ತು 1998ರ ನಿಧಿಗಳಿಗೆ ಆಗುವ ನಷ್ಟವನ್ನು ಮೊದಲು ತುಂಬಿಕೊಟ್ಟು, ಉಳಿದದ್ದನ್ನಷ್ಟೇ ಬೇರೆ ಕೆಲಸಗಳಿಗೆ ಹಂಚಬೇಕೆಂದು ಅದರಲ್ಲಿ ವಿಧಿಸಲಾಗಿದೆ.