ಕೊಲೆಸ್ಟ್ರಾಲ್ ರಿಪೋರ್ಟಿನಲ್ಲಿ ಮರೆವಿನ ಕಾಯಿಲೆ ಕಾಣುತ್ತದಾ?

ಪ್ರಶ್ನೆ (ಶಿರಸಿ ಕಡೆಯಿಂದ): ನಮಸ್ಕಾರ ಡಾಕ್ಟರೇ. ನಮ್ಮ ಆಯಿಗೆ 72 ವರ್ಷ. ಎರಡು ತಿಂಗಳಿಂದ ಮರೆವು ಜಾಸ್ತಿ ಆಗಿದೆ. ತಂಬುಳಿಗೆ ಎರಡೆರಡು ಸಲ ಉಪ್ಪು ಹಾಕುತ್ತಾಳೆ. ಕೊಟ್ಟಿಗೆಗೆ ಹೋದವಳು ಯಾಕೆ ಬಂದೆ ಅಂತ ಅಲ್ಲೇ ನಿಂತುಬಿಡುತ್ತಾಳೆ. ಮೊನ್ನೆ ರಕ್ತ ಪರೀಕ್ಷೆ ಮಾಡಿಸಿದೆವು. ಒಟ್ಟು ಕೊಲೆಸ್ಟ್ರಾಲ್ 242, ಕೆಟ್ಟ ಕೊಲೆಸ್ಟ್ರಾಲ್ ಅನ್ನುವ ಎಲ್‌ಡಿಎಲ್ 161. ರಕ್ತದ ಕೊಲೆಸ್ಟ್ರಾಲ್ ನೋಡಿಯೇ ಅಲ್ಝೈಮರ್ ಕಂಡುಹಿಡಿಯಬಹುದು ಅಂತ ವಾಟ್ಸಾಪಿನಲ್ಲಿ ಒಂದು ಸುದ್ದಿ ಬಂತು. ಹಾಗಾದ್ರೆ ಆಯಿಗೆ ಅದೇನಾ? ನನಗೆ 45. ನನಗೂ ಬರುತ್ತದಾ?

ಉತ್ತರ: ಆ 161 ಹಿಡಿದುಕೊಂಡು ಅಲ್ಝೈಮರ್ ಇದೆ ಅಂತಲೂ ಹೇಳಲಾಗದು, ಇಲ್ಲ ಅಂತಲೂ ಹೇಳಲಾಗದು ತಂಗೀ. ಅದು ರಕ್ತದ ಲೆಕ್ಕ. ಮಿದುಳಿನ ಲೆಕ್ಕ ಬೇರೆ.

ಮಿದುಳಿನ ತೂಕ ದೇಹದ ನೂರರಲ್ಲಿ 2 ಪಾಲು ಮಾತ್ರ. ಆದರೆ ಮೈಯಲ್ಲಿರುವ ಕೊಲೆಸ್ಟ್ರಾಲಿನ ಐದನೇ ಒಂದು ಭಾಗಕ್ಕಿಂತ ಕಡಿಮೆ ಇಲ್ಲ ಅಲ್ಲಿ. ನರಗಳ ಹೊದಿಕೆಗೆ ಅದು ಬೇಕೇ ಬೇಕು. ಅಷ್ಟನ್ನೂ ಮಿದುಳು ತಾನೇ ತಯಾರಿಸಿಕೊಳ್ಳುತ್ತದೆ. ರಕ್ತದ ಎಲ್‌ಡಿಎಲ್ ಒಳಗೆ ಹೋಗದ ಹಾಗೆ ನಡುವೆ ತಡೆ ಇದೆ.

ನಾನು ಕುಮಟಾದವನು, ನನಗೆ ಗಜನಿ ಗದ್ದೆಯೇ ನೆನಪಾಗುತ್ತದೆ. ಘಟ್ಟದ ಮೇಲಿನವರು ನೋಡಿರಲಿಕ್ಕಿಲ್ಲ. ಅಘನಾಶಿನಿಯ ಉಪ್ಪುನೀರು ನುಗ್ಗದಂತೆ ಒಡ್ಡು ಇರುತ್ತದೆ. ಒಳಗೆ ಹೆಚ್ಚಾದ ನೀರನ್ನು ತೂಬಿನಲ್ಲಿ ಹೊರಗೆ ಬಿಡುತ್ತಾರೆ. ಮಿದುಳೂ ಹಾಗೆಯೇ, ಹೆಚ್ಚಾದ ಕೊಲೆಸ್ಟ್ರಾಲಿನ ರೂಪ ಸ್ವಲ್ಪ ಬದಲಿಸಿ ರಕ್ತಕ್ಕೆ ಬಿಡುತ್ತದೆ. ಅದರ ಹೆಸರು 24ಎಸ್-ಹೈಡ್ರಾಕ್ಸಿಕೊಲೆಸ್ಟ್ರಾಲ್. ಆಮೇಲೆ ಲಿವರ್ ಅದನ್ನು ವಿಲೇವಾರಿ ಮಾಡುತ್ತದೆ. ತೂಬಿನ ನೀರು ನೋಡಿ ಗದ್ದೆ ಹೇಗಿದೆ ಅಂತ ಹೇಳಬಹುದಾ ಎಂದು ಸಂಶೋಧಕರು ಬಹಳ ವರ್ಷದಿಂದ ಹುಡುಕುತ್ತಿದ್ದಾರೆ. ನಿಮಗೆ ಬಂದ ಸುದ್ದಿಯ ಬೇರು ಇಲ್ಲೇ ಎಲ್ಲೋ ಇರಬೇಕು.

ಆದರೆ ಉತ್ತರ ಒಂದೇ ಥರ ಬಂದಿಲ್ಲ. ಕೆಲವು ಅಧ್ಯಯನಗಳಲ್ಲಿ ಕಾಯಿಲೆ ಇರುವವರ ರಕ್ತದಲ್ಲಿ ಅದು ಜಾಸ್ತಿ, ಕೆಲವದರಲ್ಲಿ ಕಡಿಮೆ. ಶುರುವಿನಲ್ಲಿ ನರಕೋಶಗಳು ಹಾಳಾಗುವಾಗ ಹೆಚ್ಚು ಹೊರಬರಬಹುದು. ಮುಂದೆ ಅದನ್ನು ತಯಾರಿಸುವ ಕೋಶಗಳೇ ಕಡಿಮೆಯಾದ ಮೇಲೆ ಎಲ್ಲಿಂದ ಬರಬೇಕು? ಲಿವರ್ ಹೇಗಿದೆ, ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ನುಂಗುತ್ತಾರಾ ಅನ್ನುವುದರ ಮೇಲೂ ಏರುಪೇರಾಗುತ್ತದೆ. ಹಾಗಾಗಿ ಸಂಶೋಧನೆಗೆ ಸರಿ, ಆಯಿಗೆ ಬೇಡ.

ರಕ್ತದಲ್ಲಿ ನಿಜಕ್ಕೂ ಮುಂದೆ ಬಂದಿರುವ ಪರೀಕ್ಷೆ ಬೇರೆಯೇ ಇದೆ, ಪಿ-ಟೌ 217 ಅಂತ. ಅದು ಕೊಲೆಸ್ಟ್ರಾಲ್ ಅಲ್ಲ, ಪ್ರೋಟೀನು. ಅದನ್ನೂ ಅಮೈಲಾಯ್ಡ್ ಅನ್ನುವ ಇನ್ನೊಂದು ಪ್ರೋಟೀನನ್ನೂ ಹೋಲಿಸುವ ಪರೀಕ್ಷೆಗೆ 2025ರ ಮೇ ತಿಂಗಳಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಕೊಟ್ಟಿತು. ಅದೂ 55 ದಾಟಿದ, ಮರೆವಿನ ಲಕ್ಷಣ ಇರುವವರಿಗೆ, ತಜ್ಞರು ನೋಡಿದ ಮೇಲೆ. ಆರೋಗ್ಯವಾಗಿ ಇರುವವರು ಸುಮ್ನೆ ಮಾಡಿಸಿಕೊಳ್ಳುವಂಥದ್ದಲ್ಲ.

ಇನ್ನು ನಿಮ್ಮ ವಿಷಯ. ಕೊಲೆಸ್ಟ್ರಾಲಿಗೂ ಈ ಕಾಯಿಲೆಗೂ ನಂಟೇ ಇಲ್ಲ ಅಂತಲ್ಲ. ನಡುವಯಸ್ಸಿನಲ್ಲಿ ಎಲ್‌ಡಿಎಲ್ ಹೆಚ್ಚಿದ್ದರೆ ಮುಂದೆ ಡಿಮೆನ್ಷಿಯಾ (ಅರುಳುಮರುಳು) ಸಂಭವ ಜಾಸ್ತಿ ಎಂದು 2024ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯ ಆಯೋಗ ತನ್ನ ಪಟ್ಟಿಗೆ ಸೇರಿಸಿತು. ಕಿವಿ ಮಂದವಾಗುವುದು, ಬಿಪಿ, ಸಕ್ಕರೆ ಕಾಯಿಲೆ ಮೊದಲೇ ಪಟ್ಟಿಯಲ್ಲಿದ್ದವು. ಅಂದರೆ ಈಗ ಎಲ್‌ಡಿಎಲ್ ನೋಡಿಸಬೇಕಾದವರು ನೀವು!

ಆಯಿಗೆ ಮೊದಲು ಬಿ12, ಥೈರಾಯ್ಡ್, ಸೋಡಿಯಂ, ಸಕ್ಕರೆ ನೋಡಿಸಿ. ಸಸ್ಯಾಹಾರಿ ಮನೆಗಳಲ್ಲಿ ಬಿ12 ಬರುವುದು ಹಾಲು, ಮಜ್ಜಿಗೆಯಿಂದ ಮಾತ್ರ. ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಅಥವಾ ಗ್ಯಾಸಿನ ಮಾತ್ರೆ ವರ್ಷಗಟ್ಟಲೆ ನಡೆದಿದ್ದರೆ ಅದೂ ಇಳಿಯುತ್ತದೆ. ನಿದ್ದೆ ಮಾತ್ರೆ, ಅಲರ್ಜಿ ಮಾತ್ರೆಯಿಂದಲೂ ಮಂಕು ಬರುವುದುಂಟು.

ನನಗೆ ಚುಚ್ಚಿದ್ದು ನಿಮ್ಮ 161 ಅಲ್ಲ, 'ಎರಡು ತಿಂಗಳು' ಅನ್ನುವ ಮಾತು. ಅಲ್ಝೈಮರ್ ವರ್ಷಗಟ್ಟಲೆ ಮೆಲ್ಲಗೆ ಬರುತ್ತದೆ. ಆಯಿ ಈ ಮಳೆಗಾಲದಲ್ಲಿ ಎಲ್ಲಾದರೂ ಜಾರಿ ಬಿದ್ದಿದ್ದರಾ?

ಪ್ರಶ್ನೆ (ಕಾರವಾರ, ಬೈತಕೋಲ): ಡಾಕ್ಟರೇ, ನಡುವೆ ಬಾಯಿ ಹಾಕುತ್ತೇನೆ, ಬೇಜಾರಾಗಬೇಡಿ. ನಮ್ಮ ಅಪ್ಪನಿಗೆ ಹಾರ್ಟ್ ಅಟ್ಯಾಕ್ ಆಗಿತ್ತು, ಸ್ಟೆಂಟ್ ಹಾಕಿದ್ದಾರೆ. ಸ್ಟ್ಯಾಟಿನ್ ಮಾತ್ರೆಯಿಂದ ಮರೆವು ಬರುತ್ತದೆ ಅಂತ ಯಾರೋ ಹೇಳಿದರು. ಅಪ್ಪ ನಾಲ್ಕು ದಿನದಿಂದ ಮಾತ್ರೆ ಬಿಟ್ಟು ಕೂತಿದ್ದಾರೆ.

ಉತ್ತರ: ಇವತ್ತೇ ಹಾರ್ಟಿನ ಡಾಕ್ಟರಿಗೆ ಫೋನ್ ಮಾಡಿ ಹೇಳಿ, ಮತ್ತೆ ಶುರು ಮಾಡಿಸಿ. ಮಾತ್ರೆ ಬಿಟ್ಟರೆ ಸ್ಟೆಂಟ್ ಹಾಕಿದ ಹೃದಯಕ್ಕೇ ಅಪಾಯ. ಕೆಲವರಲ್ಲಿ ಸ್ವಲ್ಪ ಮರೆವು ಕಂಡಿದೆ ಎಂದು 2012ರಲ್ಲಿ ಎಫ್‌ಡಿಎ ಮಾತ್ರೆಯ ಚೀಟಿಯಲ್ಲಿ ಬರೆಸಿದ್ದು ನಿಜ. ಅದು ಗಂಭೀರವಲ್ಲ, ಮಾತ್ರೆ ನಿಲ್ಲಿಸಿದರೆ ಹೋಗುತ್ತದೆ ಅಂತಲೂ ಅಲ್ಲೇ ಇತ್ತು. ಆ ಅರ್ಧ ಮಾತ್ರ ಫಾರ್ವರ್ಡ್ ಆಗುವುದಿಲ್ಲ ನೋಡಿ. ಅಪ್ಪನಿಗೆ ಹಾಗೇನಾದರೂ ಅನ್ನಿಸಿದರೆ ಡಾಕ್ಟರು ಬೇರೆ ಮಾತ್ರೆ ಬರೆದುಕೊಡುತ್ತಾರೆ.

ಶಿರಸಿಯವರು: ಡಾಕ್ಟರೇ, ಆಯಿ ಬಿದ್ದಿದ್ದಳು. ಆಷಾಢದಲ್ಲಿ, ಅಂಗಳದ ಪಾಚಿಯಲ್ಲಿ ಕಾಲು ಜಾರಿ. ತಲೆ ತುಳಸಿಕಟ್ಟೆಗೆ ತಾಗಿತ್ತು. ರಕ್ತ ಬರಲಿಲ್ಲ, ಎಣ್ಣೆ ತಿಕ್ಕಿ ಸುಮ್ಮನಾದೆವು. ಒಂದು ವಾರದಿಂದ ತಲೆನೋವು ಅನ್ನುತ್ತಾಳೆ. ಆಸ್ಪಿರಿನ್ ಕೂಡ ತೆಗೆದುಕೊಳ್ಳುತ್ತಾಳೆ.

ಉತ್ತರ: ಹಾಗಾದರೆ ಬಿ12 ಆಮೇಲೆ. ಇವತ್ತೇ ತಲೆಯ ಸಿಟಿ ಸ್ಕ್ಯಾನ್ ಆಗಬೇಕು. ವಯಸ್ಸಾದವರಲ್ಲಿ ಸಣ್ಣ ಪೆಟ್ಟಿಗೂ ಮಿದುಳಿನ ಮೇಲೆ ರಕ್ತ ಮೆಲ್ಲಗೆ ಸೋರಿ, ವಾರಗಳ ಮೇಲೆ ಒತ್ತಲು ಶುರುವಾಗುತ್ತದೆ. ನೋಡುವುದಕ್ಕೆ ಅರುಳುಮರುಳಿನ ಥರವೇ ಇರುತ್ತದೆ. ಅದೇ ಆಗಿದ್ದರೆ ಹೊರಗೆ ತೆಗೆಯಬಹುದು, ಎಷ್ಟೋ ಜನ ಮೊದಲಿನಂತೆ ಆಗುತ್ತಾರೆ. ಆಸ್ಪಿರಿನ್ ವಿಷಯ ಡಾಕ್ಟರಿಗೆ ಮೊದಲೇ ಹೇಳಿ. ವಾಂತಿ, ತೂಕಡಿಕೆ, ಒಂದು ಕೈಕಾಲು ಸೋಲುವುದು ಕಂಡರೆ ಸ್ಕ್ಯಾನಿಗೆ ಅಂತ ಕಾಯಬೇಡಿ, ಸೀದಾ ಆಂಬುಲೆನ್ಸಿನಲ್ಲಿ ಹುಬ್ಬಳ್ಳಿಗೆ ಹೊರಡಿ. ಸ್ಕ್ಯಾನ್ ಆದ ಕೂಡಲೇ ಇಲ್ಲೇ ಬರೆಯಿರಿ, ನಾನು ನೋಡುತ್ತಿರುತ್ತೇನೆ.